ಒಂದು ಕೇರಿ, ಒಂದು ನೋಟ್‌ಬುಕ್: ಪಿಂಚಣಿ, ಕಾರ್ಡು, ಸರ್ಟಿಫಿಕೇಟಿಗೆ ಜೊತೆ ಹೋಗುವ ಸ್ವಯಂಸೇವೆಯ ಸಮಗ್ರ ಮಾರ್ಗದರ್ಶಿ

ತುಮಕೂರು ಕಡೆಯ ಒಂದು ಕೇರಿಗೆ ನಾವು ನಾಲ್ಕು ಜನ ಮೊದಲ ಸಲ ಹೋಗಿದ್ದು ಕಂಬಳಿ ಹಂಚುವುದಕ್ಕೆ. ಡಿಸೆಂಬರ್ ಚಳಿ. ಒಬ್ಬ ಅಜ್ಜಿ ಕಂಬಳಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಮಡಿಚಿ ಪಕ್ಕಕ್ಕಿಟ್ಟರು. "ಹೋದ ವರ್ಷ ಯಾರೋ ಕೊಟ್ಟಿದ್ದು ಇನ್ನೂ ಗಟ್ಟಿ ಐತೆ ಮಗಾ. ಎಂಟು ತಿಂಗ್ಳಿಂದ ಪಿಂಚಣಿ ಬಂದಿಲ್ಲ. ಅದೇನಾಯ್ತು ಅಂತ ವಸಿ ಕೇಳ್ತೀಯಾ?" ಅಂದರು.

ಎಲ್ಲಿ ಕೇಳಬೇಕು ಅಂತಲೇ ನನಗೆ ಗೊತ್ತಿರಲಿಲ್ಲ. ಡಿಗ್ರಿ ಇತ್ತು, ಕೈಯಲ್ಲಿ ಫೋನ್ ಇತ್ತು, ಗೊತ್ತಿರಲಿಲ್ಲ. ಅಜ್ಜಿಯದು ಸಂಧ್ಯಾ ಸುರಕ್ಷಾ ಅನ್ನುವ ವೃದ್ಧರ ಪಿಂಚಣಿ, ಅಂದರೆ ತಿಂಗಳಿಗೆ 1200 ರೂಪಾಯಿ. ಎಂಟು ತಿಂಗಳಿಗೆ 9600. ನಾವು ಕೊಟ್ಟ ಕಂಬಳಿಯ ಬೆಲೆ 250. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ಕಂಬಳಿ ಹಂಚುವವರು ಬೇಕಾದಷ್ಟು ಜನ ಸಿಗುತ್ತಾರೆ. ಸರಕಾರ ಆಗಲೇ ಮಂಜೂರು ಮಾಡಿರುವ ದುಡ್ಡು, ಕಾರ್ಡು, ಕಾಗದ ಆ ಮನೆಗೆ ಯಾಕೆ ಮುಟ್ಟಿಲ್ಲ ಅಂತ ಬೆನ್ನು ಹತ್ತುವವರು ಕಡಿಮೆ. ಇದಕ್ಕೆ ಸಂಸ್ಥೆ ಬೇಡ, ರಿಜಿಸ್ಟ್ರೇಷನ್ ಬೇಡ, ಬ್ಯಾನರ್ ಬೇಡ. ಮೂರು ನಾಲ್ಕು ಜನ, ಒಂದು ನೋಟ್‌ಬುಕ್, ಕನಿಷ್ಠ ಆರು ತಿಂಗಳ ತಾಳ್ಮೆ ಸಾಕು. ನಾವು ಎಡವಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು: ಎಷ್ಟು ಜನ, ಎಷ್ಟು ಹೊತ್ತು

ನಾಲ್ಕು ಜನ ಸಾಕು. ಹತ್ತು ಜನ ಆದರೆ ಅದು ಪಿಕ್‌ನಿಕ್ ಆಗುತ್ತದೆ. ಕೇರಿಯ ಮನೆಗಳಿಗೆ ಹೋಗಲು ವಾರಕ್ಕೆ ಎರಡು ಗಂಟೆ, ಕಚೇರಿ ಕೆಲಸಕ್ಕೆ ತಿಂಗಳಿಗೆ ಒಂದು ಅಥವಾ ಎರಡು ವಾರದ ದಿನ ಬೇಕು. ಭಾನುವಾರ ಮಾತ್ರ ಬಿಡುವಿರುವವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಭಾನುವಾರ ಕಚೇರಿ ಇರುವುದಿಲ್ಲ, ಎರಡನೇ ಮತ್ತು ನಾಲ್ಕನೇ ಶನಿವಾರವೂ ರಜೆ. ಹಾಗಾಗಿ ಒಬ್ಬರಾದರೂ ವಾರದ ದಿನ ಬಿಡುವಾಗುವವರು ತಂಡದಲ್ಲಿರಲಿ. ನಮ್ಮ ತಂಡದಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಅರ್ಧ ಕೆಲಸ ಅವರಿಂದಲೇ ಆಯಿತು.

ಜಾಗ ಒಂದೇ ಇರಲಿ. ಮೂವತ್ತರಿಂದ ಅರವತ್ತು ಮನೆಯ ಒಂದು ಕೇರಿ, ಕಾಲೋನಿ ಅಥವಾ ಶೆಡ್ಡುಗಳ ಸಾಲು. ಐದು ಊರಿಗೆ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ಊರಿಗೆ ಮೂವತ್ತು ಸಲ ಹೋಗುವುದು ಮೇಲು.

ಹೆಜ್ಜೆ 1: ಪೆನ್ನಿಲ್ಲದೆ ಹೋಗಿ

ಮೊದಲ ಎರಡು ಮೂರು ಸಲ ಏನೂ ಬರೆದುಕೊಳ್ಳಬೇಡಿ. ಕೈಯಲ್ಲಿ ಪಟ್ಟಿ ಹಿಡಿದು ಬಂದವರನ್ನು ಕೇರಿಯವರು ಬೇಕಾದಷ್ಟು ನೋಡಿದ್ದಾರೆ. ಸರ್ವೆಯವರು, ಸಾಲ ವಸೂಲಿಯವರು, ಓಟಿನವರು. ಎಲ್ಲರೂ ಬರೆದುಕೊಂಡು ಹೋದರು, ಯಾರೂ ತಿರುಗಿ ಬರಲಿಲ್ಲ.

ಒಬ್ಬರೇ ನುಗ್ಗಬೇಡಿ, ಅಲ್ಲಿ ಓಡಾಡುವ ಒಬ್ಬರ ಜೊತೆ ಹೋಗಿ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದ ಹೆಂಗಸರು, ಯಾರಾದರೂ ಸರಿ. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗೆ ಅಂತಲೇ ಒಬ್ಬ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. 'ವಿಆರ್‌ಡಬ್ಲ್ಯೂ' ಅಂದರೆ ಪಂಚಾಯಿತಿಯಲ್ಲಿ ಎಲ್ಲರಿಗೂ ಗೊತ್ತು. ಅವರ ನಂಬರ್ ಮೊದಲ ದಿನವೇ ಇಸ್ಕೊಳ್ಳಿ.

ಕೊಟ್ಟ ನೀರು ಕುಡಿಯಿರಿ. ಇದು ಸಣ್ಣ ವಿಷಯ ಅಂತ ಅನ್ನಿಸಬಹುದು. ದಲಿತ ಕೇರಿಯಲ್ಲಿ ಲೋಟ ತುಟಿಗೆ ಮುಟ್ಟಿಸಿದಿರೋ, ಬಾಟಲಿ ತಂದಿದ್ದೀನಿ ಅಂತ ಜಾರಿಕೊಂಡಿರೋ ಅನ್ನುವುದನ್ನು ಗಮನಿಸುತ್ತಾರೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಆಮೇಲೆ ಯಾವ ಮನೆಯ ಟ್ರಂಕಿನಿಂದ ಕಾಗದ ಹೊರಗೆ ಬರುತ್ತದೆ, ಯಾವ ಮನೆಯದು ಬರುವುದಿಲ್ಲ ಅನ್ನುವುದು ಅಲ್ಲೇ ತೀರ್ಮಾನ ಆಗಿರುತ್ತದೆ.

ಹೊತ್ತು ನೋಡಿಕೊಳ್ಳಿ. ನಮ್ಮ ಕಡೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹುಣಸೆಹಣ್ಣಿನ ಕೆಲಸ, ಅದಕ್ಕಿಂತ ಮುಂಚೆ ಅಡಿಕೆ ಸುಲಿಯುವುದು. ಹಗಲು ಮನೆಯಲ್ಲಿ ಮುದುಕರು, ಮಕ್ಕಳು ಬಿಟ್ಟರೆ ಯಾರೂ ಸಿಗರು. ನಾವು ಸಂಜೆ ಆರೂವರೆ ಮೇಲೆ ಹೋಗಲು ಶುರು ಮಾಡಿದೆವು. ಫೋಟೋ ತೆಗೆಯಬೇಡಿ. ಒಂದೂ ಬೇಡ.

ಹೆಜ್ಜೆ 2: ನೋಟ್‌ಬುಕ್

ನೂರು ಪುಟದ ಗಟ್ಟಿ ರಟ್ಟಿನ ನೋಟ್‌ಬುಕ್ ತೊಗೊಳ್ಳಿ. ಮನೆಗೆ ಒಂದು ಪುಟ. ಮೊಬೈಲ್ ಆ್ಯಪ್, ಎಕ್ಸೆಲ್ ಶೀಟು ಅಂತ ನಮ್ಮಲ್ಲೊಬ್ಬ ಹಟ ಹಿಡಿದಿದ್ದ. ಬೇಡ ಅಂದೆವು. ಪುಟವಾದರೆ ಮನೆಯವರ ಎದುರಿಗೇ ಇರುತ್ತದೆ, ಏನು ಬರೆದೆವು ಅಂತ ಅವರ ಮಗಳು ಓದಿ ಹೇಳಬಹುದು.

ಕೇಳಬೇಕಾದ್ದು ಇಷ್ಟೇ: ಮನೆಯಲ್ಲಿ ಯಾರ್ಯಾರಿದ್ದೀರಿ, ಅರವತ್ತು ದಾಟಿದವರು ಯಾರು, ಗಂಡ ತೀರಿಕೊಂಡವರು ಇದ್ದಾರಾ, ಅಂಗವಿಕಲರು ಇದ್ದಾರಾ, ರೇಷನ್ ಕಾರ್ಡ್ ಯಾವ ಬಗೆಯದು, ಯಾವುದಾದರೂ ದುಡ್ಡು ಬರುತ್ತಿದ್ದು ನಿಂತಿದೆಯಾ, ಶಾಲೆ ಬಿಟ್ಟ ಮಕ್ಕಳಿದ್ದಾರಾ. ಜಾತಿ ಕೇಳಬೇಡಿ, ಬೇಕಾದಾಗ ಅವರೇ ಹೇಳುತ್ತಾರೆ. ಸಾಲ ಎಷ್ಟಿದೆ ಅಂತಲೂ ಮೊದಲೇ ಕೇಳಬೇಡಿ.

ಬರೆಯಬಾರದ್ದು ಆಧಾರ್ ನಂಬರ್ ಮತ್ತು ಬ್ಯಾಂಕ್ ಖಾತೆ ನಂಬರ್. ಆಧಾರ್ ಕಾರ್ಡಿನ ಫೋಟೋ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಬೇಡಿ. ಪ್ರತಿ ಬೇಕಾದರೆ ಝೆರಾಕ್ಸ್ ತೆಗೆಸಿ, ಯಾವ ಕೆಲಸಕ್ಕೆ ಅಂತ ಅದರ ಮೇಲೆ ಬರೆದು ಅವರ ಕೈಗೇ ಕೊಡಿ. ಸುಮ್ನೆ ಗುರುತಿಗೆ ಅಂತಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಡೌನ್‌ಲೋಡ್ ಮಾಡಬಹುದು. ಒಟಿಪಿ ಬಂದರೆ ಫೋನ್ ಅವರ ಕೈಯಲ್ಲೇ ಇರಲಿ, ಓದಲು ಬಾರದಿದ್ದರೆ ಅವರ ಮನೆಯವರೇ ಓದಲಿ. ಇವತ್ತು ನಿಮಗೆ ಒಟಿಪಿ ಹೇಳಿದವರು ನಾಳೆ ಫೋನಿನಲ್ಲಿ ಕೇಳುವ ಕಳ್ಳನಿಗೂ ಹೇಳುತ್ತಾರೆ.

ಅಸಲು ಕಾಗದ ನೀವು ತೆಗೆದುಕೊಂಡು ಹೋಗಬಾರದು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಹನ್ನೊಂದು ಮನೆಯ ರೇಷನ್ ಕಾರ್ಡು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಝೆರಾಕ್ಸಿಗೆ ಹೊರಟೆ. ಅರ್ಧ ದಾರಿಗೆ ಮಳೆ ಬಂತು. ಕವರಿನ ತಳ ಹರಿದಿತ್ತು. ಎರಡು ಕಾರ್ಡು ಪೂರ್ತಿ ಹಾಳಾದವು. ಹೊಸದು ಮಾಡಿಸುವವರೆಗೆ ಆ ಎರಡು ಮನೆಯವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಬೈಯಲಿಲ್ಲ, ಬೈದಿದ್ದರೆ ವಾಸಿ ಇತ್ತು.

ಎಲ್ಲ ಮನೆ ಮುಗಿದ ಮೇಲೆ ಕೆಲಸಗಳನ್ನು ಮೂರು ಗುಂಪು ಮಾಡಿ: ಒಂದು ಓಡಾಟಕ್ಕೆ ಆಗುವುದು, ಒಂದೆರಡು ತಿಂಗಳಲ್ಲಿ ಆಗುವುದು, ವರ್ಷ ಹಿಡಿಯುವುದು. ಮೊದಲ ಗುಂಪಿನಿಂದ ಶುರು ಮಾಡಿ. ಒಂದು ಮನೆಗೆ ನಿಂತ ದುಡ್ಡು ಬಂತು ಅಂತ ಗೊತ್ತಾದರೆ ಉಳಿದ ಮನೆಗಳ ಟ್ರಂಕು ತಾನಾಗಿ ತೆರೆಯುತ್ತದೆ.

ಹೆಜ್ಜೆ 3: ಯಾರಿಗೆ ಏನು ಸಿಗುತ್ತದೆ, ಅಷ್ಟು ತಿಳಿದಿರಲಿ

ಎಲ್ಲ ಯೋಜನೆ ಬಾಯಿಪಾಠ ಮಾಡಬೇಕಿಲ್ಲ. ಒಂದು ಕೇರಿಯಲ್ಲಿ ಮುಕ್ಕಾಲು ಕೆಲಸ ನಾಲ್ಕೈದು ವಿಷಯಕ್ಕೇ ಸುತ್ತುತ್ತದೆ.

65 ದಾಟಿದವರಿಗೆ ಸಂಧ್ಯಾ ಸುರಕ್ಷಾ. ವಿಧವೆಯರಿಗೆ ತಿಂಗಳಿಗೆ 800 ರೂಪಾಯಿಯ ವೇತನ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ಅಂಗವಿಕಲತೆ ಇದ್ದವರಿಗೆ ಅದರ ಪ್ರಮಾಣ ನೋಡಿ ಮಾಸಾಶನ. ಇವೆಲ್ಲಕ್ಕೂ ಆದಾಯದ ಮಿತಿ ಇದೆ. ಮೊತ್ತವೂ ಮಿತಿಯೂ ಆಗಾಗ ಬದಲಾಗುತ್ತವೆ, ಹಾಗಾಗಿ ಅರ್ಜಿ ಹಾಕುವ ಮುಂಚೆ ನಾಡಕಚೇರಿಯಲ್ಲಿ ಒಂದು ಮಾತು ಕೇಳಿ.

ರೇಷನ್ ಕಾರ್ಡಿನಲ್ಲಿ ಅಂತ್ಯೋದಯ ಬೇರೆ, ಬಿಪಿಎಲ್ ಬೇರೆ. ಅಂತ್ಯೋದಯಕ್ಕೆ ತಲೆ ಎಣಿಸುವುದಿಲ್ಲ, ಮನೆಗೆ ತಿಂಗಳಿಗೆ 35 ಕೆ.ಜಿ. ಒಂಟಿ ಮುದುಕಿಯರಿಗೆ ಇದು ದೊಡ್ಡ ವ್ಯತ್ಯಾಸ. 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಕಾರ್ಡಿನ ಯಜಮಾನಿ ಮನೆಯ ಹಿರಿಯ ಹೆಂಗಸೇ ಆಗಿರಬೇಕು. ಗೃಹಲಕ್ಷ್ಮಿಯ 2000 ರೂಪಾಯಿ ಬರುವುದೂ ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರ ಹೆಸರಿಗೆ. ಅತ್ತೆ ಸೊಸೆ ಜಗಳದ ಬೇರು ಎಷ್ಟೋ ಮನೆಯಲ್ಲಿ ಈ ಸಾಲೇ ಆಗಿರುತ್ತದೆ. ಆ ಪಂಚಾಯಿತಿಗೆ ನೀವು ಕೂರಬೇಡಿ.

ಗಾರೆ, ಬಣ್ಣ, ಟೈಲ್ಸ್, ಕಂಬಿ, ಪ್ಲಂಬಿಂಗ್, ವೈರಿಂಗ್ ಮಾಡುವವರೆಲ್ಲ ಕಟ್ಟಡ ಕಾರ್ಮಿಕರೇ. 18ರಿಂದ 60 ವರ್ಷದೊಳಗೆ, ಹಿಂದಿನ ಒಂದು ವರ್ಷದಲ್ಲಿ ಕನಿಷ್ಠ 90 ದಿನ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ಮೇಸ್ತ್ರಿ ಮಾಡಿಸಿಕೊಂಡಿರುತ್ತಾನೆ, ಅವನ ಜೊತೆ ಇಟ್ಟಿಗೆ ಹೊರುವ ಹೆಂಗಸು ಮಾಡಿಸಿರುವುದಿಲ್ಲ. ಅವಳನ್ನು ಹುಡುಕಿ. ಕಟ್ಟಡದ ಕೆಲಸವೇ ಮಾಡದವರು 'ನಂಗೂ ಒಂದು ಕಾರ್ಡ್ ಮಾಡಿಸ್ಕೊಡಿ' ಅಂತ ಬಂದೇ ಬರುತ್ತಾರೆ. ಆಗಲ್ಲ ಅನ್ನಿ. ಬೋಗಸ್ ಕಾರ್ಡು ಹಿಡಿಯುವ ಭರದಲ್ಲಿ ಕೊನೆಗೆ ನಿಜವಾದ ಕೂಲಿಯವರ ಕಾರ್ಡೂ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ.

ಹೆಜ್ಜೆ 4: ಹೆಸರು, ಹುಟ್ಟಿದ ದಿನ, ಹೆಬ್ಬೆಟ್ಟು

ನಮ್ಮ ನೋಟ್‌ಬುಕ್‌ನಲ್ಲಿ ಅತಿ ಹೆಚ್ಚು ಪುಟ ತಿಂದದ್ದು ಇದು. ಆಧಾರಿನಲ್ಲಿ ಲಕ್ಷ್ಮಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಕಮ್ಮ, ಪಾಸ್‌ಬುಕ್ಕಿನಲ್ಲಿ ಲಕ್ಷ್ಮಿ. ಊರಿನವರಿಗೆ ಮೂರೂ ಒಬ್ಬರೇ, ಕಂಪ್ಯೂಟರಿಗೆ ಮೂರು ಜನ.

ಆತುರದಲ್ಲಿ ಆಧಾರ್ ತಿದ್ದಿಸಲು ಓಡಬೇಡಿ. ಆಧಾರಿನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಒಂದು ಸಲ ತಪ್ಪು ಮಾಡಿದರೆ ಬಾಗಿಲು ಮುಚ್ಚಿದಂತೆ. ಎಲ್ಲ ಕಾಗದ ನೆಲದ ಮೇಲೆ ಹರಡಿ. ಯಾವ ಹೆಸರು ಹೆಚ್ಚು ಕಡೆ ಇದೆ, ಯಾವುದನ್ನು ತಿದ್ದುವುದು ಸುಲಭ ಅಂತ ನೋಡಿ. ಸಾಮಾನ್ಯವಾಗಿ ಪಾಸ್‌ಬುಕ್ಕನ್ನೋ ರೇಷನ್ ಕಾರ್ಡನ್ನೋ ಆಧಾರಿಗೆ ಹೊಂದಿಸುವುದು ಸುಲಭ, ಆಧಾರನ್ನು ಅವಕ್ಕೆ ಹೊಂದಿಸುವುದು ಕಷ್ಟ.

ಹುಟ್ಟಿದ ದಿನದ್ದು ಇನ್ನೊಂದು ಕಥೆ. ಕೇರಿಯ ಅರ್ಧ ಮುದುಕರು ಜನವರಿ 1ನೇ ತಾರೀಖೇ ಹುಟ್ಟಿರುತ್ತಾರೆ. ಕಾರ್ಡ್ ಮಾಡುವಾಗ ಅಂದಾಜಿನ ವಯಸ್ಸು ಹೇಳಿದ್ದರ ಫಲ ಅದು. ಆ ಅಂದಾಜಿನಲ್ಲಿ ಐದಾರು ವರ್ಷ ಕಳೆದುಹೋಗಿದ್ದರೆ 68ರ ಅಜ್ಜ ಕಾಗದದ ಮೇಲೆ 62ರವರು, ಸಂಧ್ಯಾ ಸುರಕ್ಷಾ ಇಲ್ಲ. ಹಳೆಯ ಶಾಲಾ ದಾಖಲೆ, ಹಳೆಯ ಓಟರ್ ಕಾರ್ಡು ಹೀಗೆ ಏನು ಸಿಗುತ್ತದೆ ಅಂತ ಮೊದಲು ಹುಡುಕಿ. ಇರುವುದು ಒಂದೇ ಅವಕಾಶ, ಗಟ್ಟಿ ಕಾಗದ ಕೈಗೆ ಬಂದ ಮೇಲೇ ಬಳಸಿ. ಅಲ್ಲಿಯವರೆಗೆ 60ರಿಂದ 64ರವರಿಗೆ ಇರುವ ಇಂದಿರಾ ಗಾಂಧಿ ವೃದ್ಧಾಪ್ಯ ವೇತನಕ್ಕೆ ಅರ್ಹರಾ ನೋಡಿ.

ಹೆಬ್ಬೆಟ್ಟಿನ ಗೋಳು ಕೂಲಿಯವರಿಗೆ ಮಾತ್ರ ಗೊತ್ತು. ಹುಣಸೆ ಬಿಡಿಸಿ, ಅಡಿಕೆ ಸುಲಿದು, ಸಿಮೆಂಟ್ ಕಲಸಿ ಬೆರಳಿನ ಗೆರೆಯೇ ಸವೆದಿರುತ್ತದೆ. ಮೆಷಿನ್ 'ಇವರಲ್ಲ' ಅನ್ನುತ್ತದೆ. ಹತ್ತೂ ಬೆರಳು ಪ್ರಯತ್ನಿಸಿ. ಅದಕ್ಕೂ ಮುಂಚೆ ಕೈ ತೊಳೆದು, ಸ್ವಲ್ಪ ಎಣ್ಣೆ ಸವರಿ ಒರೆಸಿ ನೋಡಿ. ಆಗದಿದ್ದರೆ ಕಣ್ಣಿನ ಸ್ಕ್ಯಾನ್ ಅಥವಾ ಒಟಿಪಿಯಲ್ಲಿ ಮಾಡಿಕೊಡಿ ಅಂತ ಕೇಳಿ. ಒಟಿಪಿ ಬರಬೇಕಾದರೆ ಈಗ ಬಳಸುವ ಮೊಬೈಲ್ ನಂಬರ್ ಆಧಾರಿಗೆ ಸೇರಿರಬೇಕು. ಕಾರ್ಡ್ ಮಾಡಿಸುವಾಗ ಕೊಟ್ಟ ನಂಬರ್ ಯಾವಾಗಲೋ ಕೆಟ್ಟುಹೋದ ಮಗನ ಫೋನಿನದ್ದಾಗಿರುತ್ತದೆ. ಆಧಾರ್ ಕೇಂದ್ರಕ್ಕೆ ಒಂದೇ ಆಟೋದಲ್ಲಿ ನಾಲ್ಕೈದು ಜನರನ್ನು ಕರೆದುಕೊಂಡು ಹೋಗಿ ನಂಬರ್ ಸೇರಿಸಿ ಬನ್ನಿ. ಮುಂದಿನ ಎಷ್ಟೋ ತಾಪತ್ರಯ ತಪ್ಪುತ್ತದೆ.

ಹೆಜ್ಜೆ 5: ನಾಡಕಚೇರಿಗೆ ಹೋಗುವುದು

ಹಿಂದೊಮ್ಮೆ ದೆವ್ವ ಬಂದು ಬಾಗಿಲು ಬಡಿಯುತ್ತದೆ ಅಂತ ಗೋಡೆಯ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು, ನೆನಪಿದೆ ಅಲ್ವಾ? ಈಗ ಆ ಮಾತು ಗೋಡೆಯ ಮೇಲಿಲ್ಲ, ಕೌಂಟರಿನ ಒಳಗಿದೆ. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಬಂದವರಿಗೆ ನಾಳೆ ಬಾ ಅಂದರೆ ಇನ್ನೊಂದು ದಿನದ ಕೂಲಿಯೂ ಹೋಯಿತು ಅಂತ ಅರ್ಥ.

ಪಿಂಚಣಿ, ಆದಾಯ, ಜಾತಿ ಪ್ರಮಾಣಪತ್ರದ ಅರ್ಜಿ ಹೋಬಳಿಯ ನಾಡಕಚೇರಿಯಲ್ಲಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ. ಹಿಂದಿನ ದಿನವೇ ಕಾಗದವೆಲ್ಲ ಜೋಡಿಸಿ, ಎರಡೆರಡು ಝೆರಾಕ್ಸ್ ಇಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಹೋಗಿ, ಸರ್ವರ್ ಆಗ ಸ್ವಲ್ಪ ಮಾತು ಕೇಳುತ್ತದೆ. ಕೌಂಟರಿನಲ್ಲಿ ಮಾತಾಡಬೇಕಾದ್ದು ನೀವಲ್ಲ, ಅರ್ಜಿ ಯಾರದೋ ಅವರು. ನೀವು ಪಕ್ಕದಲ್ಲಿ ನಿಂತಿರಿ. ಏನು ಹೇಳಬೇಕು ಅಂತ ಬಸ್ಸಿನಲ್ಲೇ ಒಂದು ಸಲ ಹೇಳಿಸಿ. ಮೊದಲ ಸಲ ತಡವರಿಸುತ್ತಾರೆ. ಮೂರನೇ ಸಲಕ್ಕೆ ನಿಮ್ಮನ್ನೇ ಸುಮ್ಮನಿರಿಸುತ್ತಾರೆ.

ಸ್ವೀಕೃತಿ ಚೀಟಿ ಇಲ್ಲದೆ ಅಲ್ಲಿಂದ ಕದಲಬೇಡಿ. 2011ರ ಸಕಾಲ ಕಾಯಿದೆಯಡಿ ಬರುವ ಸೇವೆಗಳಿಗೆ ಇಷ್ಟು ದಿನದಲ್ಲಿ ಮುಗಿಸಬೇಕು ಅಂತ ಗಡುವಿದೆ. ಚೀಟಿಯ ಮೇಲೆ ಅರ್ಜಿಯ ಗುರುತಿಗೆ ಜಿಎಸ್‌ಸಿ ನಂಬರ್ ಇರುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500ರವರೆಗೆ ಪರಿಹಾರ ಕೇಳಬಹುದು. ನಿಜ ಹೇಳಬೇಕೆಂದರೆ ಆ 20 ರೂಪಾಯಿಗೋಸ್ಕರ ಯಾರೂ ಓಡಾಡುವುದಿಲ್ಲ. ಆದರೆ 'ಜಿಎಸ್‌ಸಿ ನಂಬರ್ ಇದೆ ಸಾರ್' ಅನ್ನುವ ಮಾತಿಗೆ ಅದರದೇ ತೂಕ ಇದೆ.

ಚೀಟಿ ಬಂದ ಮೇಲೆ ಅರ್ಜಿ ಗ್ರಾಮ ಆಡಳಿತಾಧಿಕಾರಿಗೆ, ಅಲ್ಲಿಂದ ಕಂದಾಯ ನಿರೀಕ್ಷಕರಾದ ಆರ್‌ಐಗೆ, ಆಮೇಲೆ ಮೇಲಕ್ಕೆ ಹೋಗುತ್ತದೆ. ಗ್ರಾಮ ಆಡಳಿತಾಧಿಕಾರಿಯನ್ನು ಹಳಬರು ಈಗಲೂ ವಿಎ ಅನ್ನುತ್ತಾರೆ, ಇನ್ನೂ ಹಳಬರು ಶಾನುಭೋಗರು ಅನ್ನುತ್ತಾರೆ. ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಸ್ಥಳ ಪರಿಶೀಲನೆಯ ಹಂತದಲ್ಲಿ. ಪರಿಶೀಲನೆಗೆ ಯಾವತ್ತು ಬರುತ್ತೀರಿ ಅಂತ ವಿಎಗೆ ಫೋನ್ ಮಾಡಿ ಕೇಳಿ, ಅವತ್ತು ಮನೆಯಲ್ಲಿ ಯಾರಾದರೂ ಇರುವ ಹಾಗೆ ನೋಡಿಕೊಳ್ಳಿ. ಅವರ ಜೊತೆ ಜಗಳ ಬೇಡ. ನಾಲ್ಕೈದು ಊರಿನ ಬೆಳೆ ಸರ್ವೆ, ಚುನಾವಣೆ ಕೆಲಸ, ಎಲ್ಲ ಒಬ್ಬರ ತಲೆ ಮೇಲಿರುತ್ತದೆ.

ಬ್ರೋಕರ್ ಬಂದೇ ಬರುತ್ತಾನೆ. ಅವನು ಊರಿನವನೇ ಆಗಿರುತ್ತಾನೆ, ಒಳ್ಳೆಯ ಮಾತುಗಾರನೂ ಹೌದು. ಅವನ ಮೇಲೆ ಯುದ್ಧ ಸಾರಬೇಡಿ. ಅರ್ಜಿಗೆ ನಿಜವಾಗಿ ಎಷ್ಟು ಶುಲ್ಕ ಅಂತ ಕೇರಿಯಲ್ಲಿ ಎಲ್ಲರಿಗೂ ಗೊತ್ತಾಗುವ ಹಾಗೆ ಮಾಡಿ. ನಮ್ಮ ಮೇಷ್ಟ್ರು ಅಂಗನವಾಡಿ ಗೋಡೆಗೆ ಸುಣ್ಣದಲ್ಲಿ ಬರೆಸಿಬಿಟ್ಟರು.

ಹೆಜ್ಜೆ 6: ಬರುತ್ತಿದ್ದ ದುಡ್ಡು ನಿಂತರೆ

ಆ ಅಜ್ಜಿಯ ಎಂಟು ತಿಂಗಳ ಕಥೆಗೆ ಬರೋಣ. ನಾವು ಮೊದಲು ಹೋಗಿದ್ದು ತಾಲೂಕು ಕಚೇರಿಗೆ. ಅಲ್ಲಿ, ದುಡ್ಡು ತಿಂಗಳು ತಿಂಗಳೂ ಹೋಗುತ್ತಿದೆ ಅಂದರು. ಬ್ಯಾಂಕಿಗೆ ಹೋದರೆ ಬಂದಿಲ್ಲ ಅಂದರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು.

ಆಗಿದ್ದೇನೆಂದರೆ, ಅಜ್ಜಿಗೆ ಇನ್ನೊಂದು ಖಾತೆ ಇತ್ತು. ಯಾರೋ ಬಂದು ಜಗಲಿಯಲ್ಲಿ ಕೂತು, ಹೆಬ್ಬೆಟ್ಟು ಒತ್ತಿಸಿಕೊಂಡು, ಉಚಿತ ಖಾತೆ ಅಂತ ತೆರೆಸಿ ಹೋಗಿದ್ದರು. ಅಜ್ಜಿಗೆ ಅದು ನೆನಪೇ ಇರಲಿಲ್ಲ. ಆಧಾರ್ ಮೂಲಕ ಬರುವ ಸರಕಾರಿ ದುಡ್ಡು ಕೊನೆಗೆ ಯಾವ ಬ್ಯಾಂಕು ಸೀಡ್ ಮಾಡಿದೆಯೋ ಆ ಖಾತೆಗೆ ಹೋಗುತ್ತದೆ. ಹೊಸ ಖಾತೆ ತೆರೆದಾಗ ಸೀಡಿಂಗೂ ಅಲ್ಲಿಗೇ ಹೋಗಿತ್ತು. 9600 ರೂಪಾಯಿ ಅಲ್ಲೇ ತಣ್ಣಗೆ ಕೂತಿತ್ತು.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಖಾತೆಗೆ ಆಧಾರ್ 'ಲಿಂಕ್' ಆಗುವುದು ಬೇರೆ, ಸರಕಾರಿ ದುಡ್ಡು ಯಾವ ಖಾತೆಗೆ ಬೀಳಬೇಕು ಅಂತ ಗುರುತು ಮಾಡುವ 'ಎನ್‌ಪಿಸಿಐ ಸೀಡಿಂಗ್' ಬೇರೆ. ಲಿಂಕ್ ಎಷ್ಟು ಖಾತೆಗೆ ಬೇಕಾದರೂ ಆಗಬಹುದು, ಸೀಡಿಂಗ್ ಒಂದಕ್ಕೇ. ಬ್ಯಾಂಕಿನಲ್ಲಿ 'ಆಧಾರ್ ಲಿಂಕ್ ಆಗಿದೆಯಾ' ಅಂತ ಕೇಳಿದರೆ ಆಗಿದೆ ಅನ್ನುತ್ತಾರೆ, ನೀವು ನಂಬಿ ವಾಪಸ್ ಬರುತ್ತೀರಿ. 'ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿಗಿದೆ' ಅಂತ ಕೇಳಿ. ಮ್ಯಾಪಿಂಗ್ ಅಂದರೂ ಸೀಡಿಂಗೇ. ಆಧಾರಿಗೆ ಮೊಬೈಲ್ ಸೇರಿದ್ದರೆ ಆಧಾರ್ ವೆಬ್‌ಸೈಟಿನಲ್ಲೇ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡಬಹುದು, ಬ್ಯಾಂಕಿನ ಹೆಸರು ಕಾಣಿಸುತ್ತದೆ. ಬೇಕಾದ ಬ್ಯಾಂಕಿನಲ್ಲಿ ಸೀಡಿಂಗಿಗೆ ಅರ್ಜಿ ಕೊಟ್ಟರೆ ಇಲ್ಲಿಗೆ ಬದಲಾಗುತ್ತದೆ. ಹಳೆಯ ದುಡ್ಡನ್ನು ಮಾತ್ರ ಆ ಇನ್ನೊಂದು ಖಾತೆಯಿಂದಲೇ ತೆಗೆಯಬೇಕು.

ನಿಂತ ದುಡ್ಡಿಗೆ ಇದೊಂದೇ ಕಾರಣ ಅಲ್ಲ. ವರ್ಷಗಟ್ಟಲೆ ಬಳಸದೆ ಖಾತೆ ನಿಷ್ಕ್ರಿಯ ಆಗಿರಬಹುದು. ಕೆವೈಸಿ ಕೇಳಿರಬಹುದು. ಬದುಕಿರುವವರನ್ನೇ ತೀರಿಕೊಂಡವರ ಪಟ್ಟಿಗೆ ಸೇರಿಸಿರುವುದೂ ಉಂಟು. ಆಗ ಅವರನ್ನೇ ಕರೆದುಕೊಂಡು ಹೋಗಿ ಮೇಜಿನ ಮುಂದೆ ಕೂರಿಸುವುದೇ ಸಾಕ್ಷಿ. ಏನೇ ಇರಲಿ, ಮೊದಲ ಕೆಲಸ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸುವುದು. ಮೊದಲು ಪೋಸ್ಟ್‌ಮ್ಯಾನ್ ಮನಿ ಆರ್ಡರ್ ತಂದು ಕೈಗೆ ಎಣಿಸುತ್ತಿದ್ದ, ಬಂತೋ ಇಲ್ಲವೋ ಅಂತ ಊರಿಗೆಲ್ಲ ಗೊತ್ತಾಗುತ್ತಿತ್ತು. ಈಗ ಬಂದದ್ದೂ ಗೊತ್ತಾಗುವುದಿಲ್ಲ, ನಿಂತದ್ದೂ ಗೊತ್ತಾಗುವುದಿಲ್ಲ.

ಹೆಜ್ಜೆ 7: ವರ್ಷ ಹಿಡಿಯುವ ಕೆಲಸಗಳು

ಮರಣ ಪ್ರಮಾಣಪತ್ರ ಇಲ್ಲದ ವಿಧವೆಯರು ಪ್ರತಿ ಕೇರಿಯಲ್ಲೂ ಇರುತ್ತಾರೆ. ಗಂಡ ತೀರಿಕೊಂಡು ಹತ್ತು ವರ್ಷ ಆಗಿದೆ, ಊರೇ ಮಣ್ಣು ಮಾಡಿದೆ, ಕಾಗದ ಇಲ್ಲ. ಕಾಗದ ಇಲ್ಲದೆ ವೇತನ ಇಲ್ಲ. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಉಚಿತ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮೊದಲು ಇದಕ್ಕೆ ಕೋರ್ಟಿಗೇ ಹೋಗಬೇಕಿತ್ತು. 1969ರ ಕಾಯಿದೆಗೆ ತಿದ್ದುಪಡಿಯಾಗಿ 2023ರ ಅಕ್ಟೋಬರ್ 1ರಿಂದ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಅಥವಾ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ಮೊದಲು ದಾಖಲೆ ಲಭ್ಯವಿಲ್ಲ ಅನ್ನುವ ಪತ್ರ ತೆಗೆದುಕೊಳ್ಳಿ. ಆಮೇಲೆ ಆಸ್ಪತ್ರೆ ಚೀಟಿ, ಮಣ್ಣು ಮಾಡಿದವರ ಹೇಳಿಕೆ, ಸಿಕ್ಕಿದ್ದೆಲ್ಲ ಸೇರಿಸಿ. ಇದರ ಜೊತೆಗೇ ಒಂದು ಕೆಲಸ ಮಾಡಿ. ಇನ್ನು ಮುಂದೆ ಕೇರಿಯಲ್ಲಿ ಯಾರಾದರೂ ತೀರಿಕೊಂಡರೆ ಹನ್ನೊಂದನೇ ದಿನದ ಕಾರ್ಯ ಮುಗಿಯುತ್ತಲೇ ನೋಂದಣಿಗೆ ಹೋಗಬೇಕು ಅಂತ ಮಾತು ಮಾಡಿಕೊಳ್ಳಿ. ಇಪ್ಪತ್ತೊಂದು ದಿನ ಮೀರುವುದಿಲ್ಲ.

ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡಿನದು ಇನ್ನೊಂದು ಬಗೆಯ ಶ್ರಮ. 1995ರ ಹಳೆಯ ಕಾಯಿದೆಯಲ್ಲಿ ಏಳು ಬಗೆಯ ಅಂಗವಿಕಲತೆ ಮಾತ್ರ ಇತ್ತು. 2016ರ ಕಾಯಿದೆಯಲ್ಲಿ 21 ಇವೆ. ಕಲಿಕಾ ತೊಂದರೆ, ಮಾನಸಿಕ ಕಾಯಿಲೆ, ಥಲಸೇಮಿಯಾ, ಆ್ಯಸಿಡ್ ದಾಳಿಗೆ ತುತ್ತಾದವರು, ಎಲ್ಲ ಸೇರುತ್ತಾರೆ. ಹಿಂದೆ ಯಾರೋ 'ನಿಂಗೆ ಬರಲ್ಲ' ಅಂದಿದ್ದರೆ ಮತ್ತೆ ಕೇಳಿ. ಸಂಬಂಧಪಟ್ಟ ಡಾಕ್ಟರು ಆಸ್ಪತ್ರೆಯಲ್ಲಿ ಯಾವ ವಾರ ಇರುತ್ತಾರೆ ಅಂತ ವಿಆರ್‌ಡಬ್ಲ್ಯೂ ಹತ್ತಿರ ಖಾತ್ರಿ ಮಾಡಿಕೊಂಡೇ ಹೊರಡಿ. ನಡೆಯಲಾಗದ ಹುಡುಗಿಯೊಬ್ಬಳನ್ನು ಕರೆದುಕೊಂಡು ಹೋದಾಗ ನಾವು ಕಾಗದ ಎಲ್ಲ ನೆನಪಿಟ್ಟುಕೊಂಡಿದ್ದೆವು, ಅವಳು ಹೋಗಲಾಗುವ ಶೌಚಾಲಯ ಎಲ್ಲಿದೆ ಅಂತ ಯೋಚಿಸಿಯೇ ಇರಲಿಲ್ಲ. ಅವಳು ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂತಿದ್ದಳು. ಮುಂದಿನ ಸಲದಿಂದ ಅದನ್ನು ಮೊದಲು ನೋಡಿ ಬಂದು ಆಮೇಲೆ ದಿನ ಗೊತ್ತು ಮಾಡಲು ಕಲಿತೆವು.

ಹೆಜ್ಜೆ 8: ಎಲ್ಲೋ ಸಿಕ್ಕಿಹಾಕಿಕೊಂಡರೆ

ಮಾಹಿತಿ ಹಕ್ಕಿನ ಅರ್ಜಿಯನ್ನು ಕೊನೆಯ ಅಸ್ತ್ರ ಅಂತ ಇಟ್ಟುಕೊಳ್ಳಬೇಡಿ, ಅದು ಪೋಸ್ಟ್‌ಕಾರ್ಡಿನಷ್ಟು ಸರಳ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್‌ನವರಿಗೆ ಅದೂ ಇಲ್ಲ, ಕಾರ್ಡಿನ ಪ್ರತಿ ಇಡಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ದೂರು ಬರೆಯಬೇಡಿ, ಪ್ರಶ್ನೆ ಬರೆಯಿರಿ: ಇಂಥ ನಂಬರಿನ ಅರ್ಜಿ ಯಾವ ದಿನ ಯಾರ ಮೇಜಿಗೆ ಬಂತು, ಎಷ್ಟು ದಿನ ಇತ್ತು, ಈಗ ಎಲ್ಲಿದೆ, ಅದರ ಟಿಪ್ಪಣಿಯ ನಕಲು ಕೊಡಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಎಷ್ಟೋ ಸಲ ಉತ್ತರ ಬರುವ ಮುಂಚೆ ಪಿಂಚಣಿಯೇ ಬಂದುಬಿಡುತ್ತದೆ. ಒಂದು ಎಚ್ಚರಿಕೆ: ಅರ್ಜಿ ಹಾಕಿದವರ ಹೆಸರು ವಿಳಾಸ ಅದರ ಮೇಲಿರುತ್ತದೆ. ಊರಿನ ದೊಡ್ಡವರನ್ನು ಮುಟ್ಟುವ ಪ್ರಶ್ನೆಯಾದರೆ ಕೇರಿಯವರ ಹೆಸರಿನಲ್ಲಿ ಬೇಡ, ನಿಮ್ಮ ಹೆಸರಿನಲ್ಲಿ ಹಾಕಿ.

ಒಬ್ಬರದಲ್ಲದ ತೊಂದರೆಯನ್ನು ಒಬ್ಬೊಬ್ಬರೇ ಹೊರಬಾರದು. ನಮ್ಮ ನೋಟ್‌ಬುಕ್‌ನಲ್ಲಿ ಹದಿನಾಲ್ಕು ಮನೆಗೆ ಒಂದೇ ಬಗೆಯ ರೇಷನ್ ತೊಂದರೆ ಇತ್ತು. ಹದಿನಾಲ್ಕು ಅರ್ಜಿ ಹಾಕುವ ಬದಲು ಒಂದೇ ಪಟ್ಟಿ ಮಾಡಿ, ಹದಿನಾಲ್ಕು ಹೆಂಗಸರು ಗ್ರಾಮ ಸಭೆಗೆ ಹೋಗಿ ಓದಿದರು. ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿ ಹೇಳಿ ಅಂತ ಕೂತರು. ಸಭೆ ಯಾವತ್ತು ಅಂತ ಪಿಡಿಒ ಹತ್ತಿರ ಮುಂಚೆಯೇ ಕೇಳಿಡಿ. ಎಷ್ಟೋ ಕಡೆ ಸಭೆ ಮುಗಿದ ಮೇಲೆ ಡಂಗುರ ಕೇಳಿಸುತ್ತದೆ.

ಜಮೀನು, ಕೂಲಿ ಬಾಕಿ, ಹೊಡೆತ ಬಡಿತದ ವಿಷಯ ಬಂದರೆ ಅದು ನಿಮ್ಮ ಕೈಮೀರಿದ್ದು ಅಂತ ಒಪ್ಪಿಕೊಳ್ಳಿ. ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗಿ. 1987ರ ಕಾನೂನು ಸೇವೆಗಳ ಕಾಯಿದೆಯಡಿ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಮಕ್ಕಳ ವಿಷಯಕ್ಕೆ 1098, ಹೆಂಗಸರಿಗೆ 181, ಹಿರಿಯರಿಗೆ 14567. ನಾಲ್ಕೂ ನಂಬರ್ ನೋಟ್‌ಬುಕ್ಕಿನ ರಟ್ಟಿನ ಒಳಗೆ ಅಂಟಿಸಿಡಿ.

ದುಡ್ಡು, ರಾಜಕೀಯ

ಯಾರಿಂದಲೂ ದುಡ್ಡು ತೆಗೆದುಕೊಳ್ಳಬೇಡಿ, ಕೋಳಿಯನ್ನೂ ಬೇಡ. ಮೊದಲ ಪಿಂಚಣಿ ಬಂದ ದಿನ ನಾಟಿ ಕೋಳಿ ಹಿಡಿದು ಬರುತ್ತಾರೆ, ನೋಡಿ. ಕಾಫಿ ಕುಡಿದು ಬನ್ನಿ. ಸಾಲವನ್ನೂ ಕೊಡಬೇಡಿ. ಒಂದು ಸಲ ಕೊಟ್ಟರೆ ಆಮೇಲೆ ನಿಮ್ಮನ್ನು ಕಂಡರೆ ತಲೆ ತಪ್ಪಿಸಿಕೊಂಡು ಓಡಾಡುತ್ತಾರೆ. ಝೆರಾಕ್ಸ್, ಆಟೋ ಖರ್ಚಿಗೆ ನೀವು ನಾಲ್ವರು ತಿಂಗಳಿಗೆ ಇಷ್ಟು ಅಂತ ಹಾಕಿ, ಲೆಕ್ಕವನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಯಿರಿ. ಪಂಚಾಯಿತಿ ಚುನಾವಣೆ ಹತ್ತಿರ ಬಂದಾಗ ಎರಡೂ ಕಡೆಯವರು ನಿಮ್ಮ ಪಟ್ಟಿ ಕೇಳುತ್ತಾರೆ. ಇಲ್ಲ ಅನ್ನಿ. ಆ ಒಂದು ತಿಂಗಳು ಕೇರಿಗೆ ಹೋಗದೇ ಇದ್ದರೂ ನಷ್ಟವಿಲ್ಲ.

ಹೆಜ್ಜೆ 9: ನೋಟ್‌ಬುಕ್ ಕೊಟ್ಟು ಬರುವುದು

ಮೂರನೇ ತಿಂಗಳಿಂದಲೇ ಕೇರಿಯ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಎಸ್‌ಎಸ್‌ಎಲ್‌ಸಿ ಮುಗಿಸಿ ಮನೆಯಲ್ಲಿರುವ ಹುಡುಗಿ, ಸಂಘದ ಲೆಕ್ಕ ಬರೆಯುವ ಹೆಂಗಸು, ಇಂಥವರು ಬೇಗ ಹಿಡಿಯುತ್ತಾರೆ. ಗಂಡಸರು ಬೇಡ ಅಂತಲ್ಲ. ನಮ್ಮ ಅನುಭವದಲ್ಲಿ ಒಂದಿಬ್ಬರು ಆರು ತಿಂಗಳಲ್ಲಿ ಹೊಸ ಬ್ರೋಕರ್‌ಗಳಾದರು. ಮೊದಲು ಅವರು ನೋಡಲಿ, ಆಮೇಲೆ ಅವರು ಮಾಡಲಿ ನೀವು ನೋಡಿ, ಆಮೇಲೆ ನೀವು ಬಸ್ ಸ್ಟ್ಯಾಂಡಿನಲ್ಲೇ ಕೂತಿರಿ. ಬರವಣಿಗೆ ಚುರುಕಾಗಿರುವವರಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರ ತರಬೇತಿಗೆ ಹೆಸರು ಕೊಡಿಸಿ. ಗುರುತಿನ ಚೀಟಿ ಇದ್ದರೆ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ.

ನಮ್ಮ ನೋಟ್‌ಬುಕ್ಕನ್ನು ಸಂಘದ ಲೆಕ್ಕ ಬರೆಯುವ ಹೆಂಗಸಿಗೆ ಕೊಟ್ಟೆವು. ಕೊಡುವ ಮುಂಚೆ ಪ್ರತಿ ಮನೆಗೂ ಹೋಗಿ, ನಿಮ್ಮ ಪುಟ ಅವರ ಹತ್ತಿರ ಇರಬಹುದಾ ಅಂತ ಕೇಳಿದೆವು. ಮೂರು ಮನೆಯವರು ಬೇಡ ಅಂದರು. ಆ ಮೂರು ಪುಟ ಹರಿದು ಅವರ ಕೈಗೇ ಕೊಟ್ಟೆವು. ಆಕೆ ಅಲ್ಲೇ ಕೂತು ಉಳಿದ ಪುಟ ತಿರುವಿ ಹಾಕಿ, ಹದಿನೇಳನೇ ಮನೆಯ ಪುಟಕ್ಕೆ ಬಂದು ನಿಂತರು. "ಸಾರ್, ಇವ್ರಿಗೆ ಅರವತ್ತೆರಡು ಅಂತ ಬರ್ದಿದೀರಲ್ಲ. ನಮ್ಮವ್ವನಿಗಿಂತ ದೊಡ್ಡವ್ರು ಇವ್ರು" ಅಂದು, ನನ್ನ ಪೆನ್ನು ಇಸ್ಕೊಂಡು ಹೊಡೆದು ಹಾಕಿದರು.